ಇಲ್ಲೇ ಬಿದ್ದದ್ದು ಮಾರಾಯ್ರೆ

ಪಾರ್ಕಿನಲ್ಲಿ ಉಂಗುರ ಕಳೆದುಕೊಂಡವರೆಲ್ಲ ಹೇಳುವ ಮಾತು ಒಂದೇ: “ಇಲ್ಲೇ ಬಿದ್ದದ್ದು ಮಾರಾಯ್ರೆ.” ಈ ಭಾನುವಾರವೂ ಅದೇ. ಹೇಳುವಾಗ ಬೆರಳು ತೋರಿಸುವ ಜಾಗ ಒಂದು ಪರಾತದಷ್ಟಿರುತ್ತದೆ. ಮೆಟಲ್ ಡಿಟೆಕ್ಟರ್ ಹಿಡಿದವನು ಆ ಪರಾತ ಮುಗಿಸುವಷ್ಟರಲ್ಲಿ ‘ಇಲ್ಲೇ’ ಕಂಬಳಿಯಷ್ಟಾಗುತ್ತದೆ. ಕಂಬಳಿ ಮುಗಿದರೆ ಜಾರುಬಂಡೆಯವರೆಗೆ. “ಕೂತು ಶೇಂಗಾ ತಿಂದದ್ದು ಅಲ್ಲಿ. ಆಮೇಲೆ ಮೊಮ್ಮಗ ಗೇಟಿನ ಕಡೆ ಓಡಿದ, ಹಿಂದೆ ನಾನೂ ಓಡಿದೆ. ಆದರೆ ಬಿದ್ದದ್ದು ಮಾತ್ರ ಇಲ್ಲೇ.”

ಯಾವಾಗ ಬಿದ್ದದ್ದು ಅಂತ ಕೇಳಿದರೆ “ಮೊನ್ನೆ.” ನಮ್ಮ ಕರಾವಳಿಯ ಮೊನ್ನೆಗೆ ಮಿತಿಯಿಲ್ಲ. ಬಿಡಿಸಿ ಕೇಳಿದರೆ ಅದು ಮಳೆಗಾಲಕ್ಕೆ ಮುಂಚಿನ ಮೊನ್ನೆ. ನಡುವೆ ಪಾರ್ಕಿನ ಅಭಿವೃದ್ಧಿಯಾಗಿದೆ. ಅಂದರೆ ಟಿಪ್ಪರಿನಲ್ಲಿ ಕೆಮ್ಮಣ್ಣು ಬಂದು ಬಿದ್ದಿದೆ, ಜೆಸಿಬಿ ಅದನ್ನು ಆಚೀಚೆ ಎಳೆದಿದೆ, ಮೇಲೆ ಹುಲ್ಲಿನ ಹಾಸು ಕೂತಿದೆ. “ಈ ಬೆಂಚಿನ ಎಡಗಾಲಿನ ಹತ್ತಿರವೇ ನೋಡಿ” ಎಂದು ಅಷ್ಟು ಖಚಿತವಾಗಿ ತೋರಿಸಿದ ಬೆಂಚು ಆಗ ಆಚೆ ಗೋಡೆಯ ಬದಿಗೆ ಇತ್ತು! ಎಡಗಾಲು ಈಗ ಬಲಗಾಲು. ಉಂಗುರದ ಗುರುತಿಗೆಂದು ನೆನಪಿಟ್ಟುಕೊಂಡ ಗಾಳಿಮರ ಇದ್ದಲ್ಲಿ ಇಂಟರ್‌ಲಾಕ್ ಹಾಸಿದೆ.

ಲೆಕ್ಕ ಸರಳ. ಮಾಮೂಲಿ ಮಷಿನ್ ಒಳ್ಳೆಯ ಮಣ್ಣಿನಲ್ಲಿ ಒಂದು ಉಂಗುರವನ್ನು ಆರೇಳು ಇಂಚಿನ ತನಕ ಹಿಡಿದೀತು. ಕೆಮ್ಮಣ್ಣಿನಲ್ಲಿ ಅದರ ಅರ್ಧ ಸಿಕ್ಕರೂ ಪುಣ್ಯ. ಅರ್ಧ ಅಡಿ ಮಣ್ಣು ಸುರಿದ ಮೇಲೆ ಅದರಡಿಯ ಉಂಗುರ ಮಷಿನ್ನಿನ ಪಾಲಿಗೆ ಇಲ್ಲವೇ ಇಲ್ಲ. ಜೆಸಿಬಿ ಬಕೆಟ್ಟಿಗೆ ಸಿಕ್ಕಿ ಅದು ಬೇರೆ ಮೂಲೆ ಸೇರಿದ್ದರಂತೂ ‘ಇಲ್ಲೇ’ ಎಂಬುದು ಕಾರವಾರದಿಂದ ಅಂಕೋಲೆಯ ತನಕ ಎಲ್ಲಿ ಬೇಕಾದರೂ ಆದೀತು.

ನಮ್ಮ ಕೆಮ್ಮಣ್ಣಿನ ತಕರಾರು ಅದರ ಬಣ್ಣದಲ್ಲೇ ಉಂಟು. ಚಿರೇಕಲ್ಲು ಕೆಂಪಾಗಿರುವುದೇ ಕಬ್ಬಿಣದ ಅಂಶದಿಂದ. ಮಷಿನ್ ತನ್ನ ಕೋಲಿನ ತುದಿಯ ದುಂಡು ತಟ್ಟೆಯಿಂದ, ಅಂದರೆ ಕಾಯಿಲ್‌ನಿಂದ, ಅಯಸ್ಕಾಂತದ ಅಲೆ ಬಿಡುತ್ತದೆ, ಆ ಅಲೆಗೆ ನೆಲವೇ ಮರುಮಾತಾಡುತ್ತದೆ. ಕೆಳಗೆ ಕಡಲ ಉಸುಕು, ಅದರಲ್ಲಿ ಉಪ್ಪಿನ ತೇವ. ಅದೂ ಕೂಗುತ್ತದೆ, ಬೇರೆ ರಾಗದಲ್ಲಿ. ಒಂದಕ್ಕೆ ಸಮಾಧಾನ ಹೇಳಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ, ಥೇಟ್ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ.

ಅದಕ್ಕೇ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಮಾತನ್ನು ಮಷಿನ್ ಕಿವಿಗೆ ಹಾಕಿಕೊಳ್ಳದಂತೆ ಮಾಡುವುದು. ಲೋಹವಿಲ್ಲದ ಒಂದು ಮೊಳ ಜಾಗ ಹುಡುಕಿ, ಕಾಯಿಲನ್ನು ಒಂದಡಿ ಎತ್ತರದಿಂದ ನೆಲಕ್ಕೆ ಎರಡು ಇಂಚು ಉಳಿಯುವ ತನಕ ಇಳಿಸಿ ಏರಿಸಿ ಮಾಡುತ್ತ, ಸದ್ದು ಅಡಗುವವರೆಗೆ ಹೊಂದಿಸಬೇಕು. ಮುಟ್ಟದ ನೆಲದಲ್ಲಿ ಒಂದು ಸಲ ಮಾಡಿದರೆ ಬೆಳಗು ಕಳೆಯುತ್ತದೆ. ಮಣ್ಣು ಹೊಡೆಸಿದ ಪಾರ್ಕಿನಲ್ಲಿ ಹತ್ತು ಹೆಜ್ಜೆಗೊಂದು ಸಲ, ಏಕೆಂದರೆ ಒಂದು ಲೋಡು ಒಂದು ಗುಡ್ಡದ್ದು, ಇನ್ನೊಂದು ಯಾರದೋ ಮನೆ ಕೆಡವಿದ್ದು. ಮಣ್ಣಿನ ಬಣ್ಣ ಬದಲಾದ ಕಡೆ ಹೊಸದಾಗಿ ಶುರು. ಸೆನ್ಸಿಟಿವಿಟಿ ಪೂರ್ತಿ ಏರಿಸುವುದು ಹೊಸಬರ ಆಸೆ. ಇಳಿಸಿದರೇ ಇಲ್ಲಿ ಏನಾದರೂ ಕೇಳುತ್ತದೆ. ಹನ್ನೊಂದು ಇಂಚಿನ ಕಾಯಿಲ್ ಬದಲು ಐದಾರು ಇಂಚಿನದು ಹಾಕಬೇಕು. ದೊಡ್ಡದರ ಕೆಳಗೆ ಏಕಕಾಲಕ್ಕೆ ನಾಲ್ಕು ಮೊಳೆ ಬಂದು, ನಡುವಿನ ಉಂಗುರದ ದನಿ ಮುಳುಗಿಹೋಗುತ್ತದೆ.

ಮೊಳೆಯೋ, ಮೊಳೆ! ಸೆಂಟ್ರಿಂಗ್ ಮೊಳೆ, ಬೈಂಡಿಂಗ್ ವೈರಿನ ತುಂಡು, ಬಾಗಿಲ ತಿರುಗಣೆ, ಹೆಂಚಿನ ಮಾಡಿನ ಬೋಲ್ಟು. ನೆಲದಡಿ ಏನಿದೆ ಎಂದು ಕೇಳಿದರೆ ಮಷಿನ್ ಹೇಳುವುದು ಗುತ್ತಿಗೆದಾರ ಏನು ತಂದು ಸುರಿದ ಎಂಬುದನ್ನು. ಬಿಲ್ಲಿನಲ್ಲಿ ಅದಕ್ಕೆ ‘ತೋಟದ ಮಣ್ಣು’ ಎಂಬ ಹೆಸರಿರುತ್ತದೆ. ಕಾರವಾರದಲ್ಲಿ ಮಷಿನ್ ಇಲ್ಲದೆಯೂ ಖಚಿತವಾಗಿ ಸಿಗುವ ಲೋಹ ಒಂದೇ, ಟಾಗೋರ್ ಕಡಲತೀರದಲ್ಲಿ ನಿಂತ ಚಾಪೆಲ್ ಯುದ್ಧನೌಕೆ.

ಕಬ್ಬಿಣವನ್ನು ಬಾಯಿ ಮುಚ್ಚಿಸುವ ಗುಂಡಿ ಇದೆಯಲ್ಲ ಎನ್ನಬಹುದು. ಇದೆ. ಒತ್ತಿದರೆ ಮೊಳೆಯ ಜೊತೆಗೆ ನಮ್ಮ ಒಂದು ರೂಪಾಯಿಯೂ ಮಾಯ. ಈಗಿನ ಒಂದು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನದು, ಮಷಿನ್ ಅದನ್ನು ಮೊಳೆಯ ಕುಲಕ್ಕೇ ಸೇರಿಸುತ್ತದೆ. ಕೆಳಗಿನ ಲೋಹಕ್ಕೆ ಮಷಿನ್ ಪರದೆಯಲ್ಲಿ ಒಂದು ನಂಬರು ತೋರಿಸುತ್ತದೆ, ಬಂಗಾರಕ್ಕಂತೂ ಪ್ರತ್ಯೇಕ ನಂಬರಿಲ್ಲ. ತೆಳು ಉಂಗುರ, ತಂಪು ಪಾನೀಯದ ಟಿನ್ನು ತೆರೆಯಲು ಎಳೆಯುವ ಕಿವಿ, ವಾಕಿಂಗಿನವರು ನುಂಗಿ ಬಿಸಾಡಿದ ಬಿಪಿ ಗುಳಿಗೆಯ ಪಟ್ಟಿ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ಪಂಕ್ತಿ. ಬಂಗಾರ ಬೇಕಿದ್ದವರು ಪಾರ್ಕಿನ ರಕ್ತದೊತ್ತಡವನ್ನೆಲ್ಲ ಅಗೆಯಬೇಕು.

ಕಳೆದದ್ದು ಚೈನು ಅಂದರೆ ಇನ್ನೂ ಕಷ್ಟ. ಉಂಗುರದಲ್ಲಿ ಕರೆಂಟು ಪೂರ್ತಿ ಸುತ್ತು ಹಾಕುತ್ತದೆ, ಅದಕ್ಕೇ ದನಿ ಗಟ್ಟಿ. ಚೈನಿನಲ್ಲಿ ಪ್ರತಿ ಕೊಂಡಿಗೂ ಅದರದೇ ಪುಟ್ಟ ಸಂಸಾರ. ಎರಡು ಪವನಿನದಾದರೂ ಮಷಿನ್ನಿಗೆ ಕೇಳುವುದು ಅದರ ಕೊಕ್ಕೆ ಮಾತ್ರ. ಬೆಂಡೋಲೆಯ ತಿರುಪು ಬಿದ್ದರೆ ಸೀದಾ ಅಂಗಡಿಗೆ ಹೋಗಿ ಹೊಸದು ಹಾಕಿಸುವುದು ವಾಸಿ.

ಅಗೆಯುತ್ತ ಹೋದರೆ ಒಮ್ಮೊಮ್ಮೆ ಒಂದು ಗೇಣಿನಾಚೆ ಕೆಂಪು ಮುಗಿದು ಬೂದು ಉಸುಕು ಕಾಣುತ್ತದೆ, ಗಾಳಿಮರದ ಕೊಳೆತ ಸೂಜಿಗಳ ಕಪ್ಪು ಗೆರೆಯ ಜೊತೆ. ಅದೇ ಹಳೆಯ ನೆಲ. ಆ ಗೆರೆಯ ಮೇಲೆ ಅಲೆಅಲೆ ಅಂಚಿನ ಅಲ್ಯುಮಿನಿಯಂ ಹತ್ತು ಪೈಸೆ ಸಿಗುವುದುಂಟು. ಉಪ್ಪು ತಿಂದು ತೂತು ಬಿದ್ದು, ಉಗುರಿನಷ್ಟು ಹಗುರ. 2011ರ ಜೂನ್ 30ರಿಂದ ಅದಕ್ಕೆ ಚಲಾವಣೆಯೇ ಇಲ್ಲ. ಯಾವುದೋ ಹುಡುಗನ ಚಡ್ಡಿಯ ಹರಿದ ಕಿಸೆಯಿಂದ ಜಾರಿದ್ದು ಇರಬೇಕು. ಆ ಸಂಜೆ ಅವನಿಗೆ ಐಸ್‌ಕ್ಯಾಂಡಿ ಸಿಗಲಿಲ್ಲ. ಅವನೂ ಮನೆಯಲ್ಲಿ “ಇಲ್ಲೇ ಬಿತ್ತು” ಎಂದೇ ಹೇಳಿರುತ್ತಾನೆ, ಮತ್ತು ಅವನೊಬ್ಬ ಹೇಳಿದ್ದು ಸರಿಯಿತ್ತು.

ಬಗ್ಗಿ ಕೂತ ಕೂಡಲೇ ಸುತ್ತ ಐದು ಮಂದಿ. “ನಿಧಿಯಾ?” ಬ್ರಿಟಿಷರ 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ಈ ಪಾರ್ಕುಗಳಲ್ಲಿ ಇಡೀ ದಿನದ ಗಳಿಕೆ ಆ ಮೊತ್ತ ದಾಟುವುದಿಲ್ಲ. ಆದರೂ ಅಗೆಯುವ ಮುನ್ನ ಪಾರ್ಕು ಯಾರ ಸುಪರ್ದಿಯಲ್ಲಿದೆಯೋ ಅವರ ಲಿಖಿತ ಅನುಮತಿ ಕಿಸೆಯಲ್ಲಿರಬೇಕು. ಮಿರ್ಜಾನ್ ಕೋಟೆಯಂಥ ಸಂರಕ್ಷಿತ ಜಾಗಗಳತ್ತ ಮಷಿನ್ ಒಯ್ಯಲೇಬಾರದು. ದೀಪದ ಕಂಬದ ಸುತ್ತ, ನೀರಿನ ಪೈಪಿನ ಸಾಲಿನಲ್ಲಿ ಅಗೆಯುವ ಸಾಹಸವೂ ಬೇಡ. ಕೇಬಲ್ಲನ್ನು ಎಷ್ಟು ಆಳಕ್ಕೆ ಹೂತಿದ್ದಾರೆ ಎಂಬುದು ಹೂತವನಿಗೇ ನೆನಪಿರುವುದಿಲ್ಲ.

ಉಳಿದ ಕಡೆ ಹುಲ್ಲನ್ನು ಮೂರು ಬದಿ ಕೊಯ್ದು, ನಾಲ್ಕನೆಯದನ್ನು ಬಾಗಿಲ ಕೀಲಿನಂತೆ ಬಿಟ್ಟು ಮಗುಚಬೇಕು. ಬೇರು ಹರಿಯದಂತೆ ಮೂರು ನಾಲ್ಕು ಇಂಚು ದಪ್ಪ ಇರಲಿ. ಮಣ್ಣು ಪ್ಲಾಸ್ಟಿಕ್ ಹಾಳೆಯ ಮೇಲೆ. ಸಿಕ್ಕ ಮೊಳೆ ಚೀಲಕ್ಕೆ, ಮಣ್ಣು ವಾಪಸು ಗುಂಡಿಗೆ, ಹುಲ್ಲು ಮುಚ್ಚಿ, ಕಾಲಲ್ಲಿ ಒತ್ತಿ, ಒಂದು ಬಾಟಲಿ ನೀರು.

ಇಷ್ಟೆಲ್ಲ ನಾಜೂಕಾಗಿ ಮಾಡಿ ಸೊಂಟ ಹಿಡಿದುಕೊಂಡು ಎದ್ದರೆ ವಾಚ್‌ಮನ್ ಬೀಡಿ ಆರಿಸುತ್ತ ಹತ್ತಿರ ಬರುತ್ತಾನೆ.

“ಚಂದ ಮುಚ್ಚಿದ್ರಿ ಅಣ್ಣ. ಬರೋ ವಾರ ಇಲ್ಲಿಗೆ ಮತ್ತೆ ಮೂರು ಲೋಡು ಮಣ್ಣು ಬರ್ತದೆ.”