ಗಣಿಯಲ್ಲಿ ಸಿಗ್ತಾರಾ ಪ್ರೇಕ್ಷಕರು?

ಕೋವಿಡ್ ನಂತರ ಥಿಯೇಟರ್‌ಗಳ ಗತಿ ಏನು ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. 2022ರ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು. ಅದು ನೆಲದೊಳಗಿತ್ತು. ಜಗತ್ತಿನ ಅತಿ ದೊಡ್ಡ ಥಿಯೇಟರ್ ಕಂಪನಿ ಎಎಂಸಿ, ಅಮೆರಿಕದ ನೆವಾಡಾದಲ್ಲಿ ಚಿನ್ನ-ಬೆಳ್ಳಿ ಗಣಿ ಇರುವ ಕಂಪನಿಯೊಂದರ ಶೇ 22ರಷ್ಟು ಪಾಲು ಕೊಂಡಿತು. ತಮಾಷೆ ಅಲ್ಲ, ನಿಜವಾಗಿ ಕೊಂಡಿತು. ಕತ್ತಲಲ್ಲಿ ಕೂತು ಏನಾದರೂ ಹೊಳೆಯುತ್ತಾ ಅಂತ ಕಾಯುವುದು ಎರಡೂ ಕಡೆ ಒಂದೇ ಕಸುಬು, ಅಲ್ವಾ?

ಪಾಪ, ಅವರ ಕಷ್ಟವೂ ಸಣ್ಣದಲ್ಲ. 2019ರಲ್ಲಿ ಜಗತ್ತಿನಾದ್ಯಂತ 4,200 ಕೋಟಿ ಡಾಲರ್ ದಾಟಿದ್ದ ಟಿಕೆಟ್ ಗಳಿಕೆ 2020ರಲ್ಲಿ ಸುಮಾರು 1,200 ಕೋಟಿಗೆ ಬಿತ್ತು. ಬಾಗಿಲು ತೆರೆಯುವ ಆತುರ ಅರ್ಥವಾಗುತ್ತದೆ. ತೆರೆದ ರೀತಿ ನೋಡಿ. 2020ರ ಜೂನ್‌ನಲ್ಲಿ ಇದೇ ಕಂಪನಿ ಮಾಸ್ಕ್ ಕಡ್ಡಾಯವಲ್ಲ ಎಂದಿತು. ರಾಜಕೀಯ ವಿವಾದಕ್ಕೆ ಸಿಲುಕುವುದು ಬೇಡ ಅಂತ! ವೈರಸ್ ಯಾವ ಪಕ್ಷದ್ದು ಅಂತ ಮಾತ್ರ ಹೇಳಲಿಲ್ಲ. ಜನ ಉಗಿದರು. ಮರುದಿನವೇ ಮಾಸ್ಕ್ ಕಡ್ಡಾಯವಾಯಿತು. ತಿನ್ನುವಾಗ, ಕುಡಿಯುವಾಗ ತೆಗೆಯಬಹುದು.

ಈ ವಿನಾಯಿತಿಯನ್ನು ಹಲವು ದೇಶಗಳ ಥಿಯೇಟರ್‌ಗಳು ಪಾಲಿಸಿದವು. ಎಂಥ ಶಿಸ್ತಿನ ವೈರಸ್ ನೋಡಿ. ಮುಚ್ಚಿದ ಹಾಲ್‌ನಲ್ಲಿ ಸುಮ್ನೆ ಕೂತವನ ಮೂಗಿಗೆ ನುಗ್ಗುತ್ತದೆ. ಅದೇ ಮನುಷ್ಯನ ಕೈಯಲ್ಲಿ ಪಾಪ್‌ಕಾರ್ನ್ ಕಂಡರೆ 'ತಿಂತಾ ಇದ್ದಾರೆ, ಆಮೇಲೆ ಬರೋಣ' ಅಂತ ಹಿಂದೆ ಸರಿಯುತ್ತದೆ. ದೊಡ್ಡ ಬಕೆಟ್ ಕೊಂಡವರು ಕ್ಲೈಮ್ಯಾಕ್ಸ್‌ವರೆಗೂ ಕ್ಷೇಮ. ಟಿಕೆಟ್ ದುಡ್ಡಿನಲ್ಲಿ ಸಿನಿಮಾ ಕಂಪನಿಗೂ ಪಾಲು ಕೊಡಬೇಕು, ತಿಂಡಿಯ ದುಡ್ಡಲ್ಲಿ ಕೊಡಬೇಕಿಲ್ಲ. ವೈರಸ್ಸಿಗೆ ಈ ಲೆಕ್ಕ ಯಾರು ಹೇಳಿಕೊಟ್ಟರೋ!

ಅದೇ ವರ್ಷದ ಆಗಸ್ಟ್‌ನಲ್ಲಿ ಎಎಂಸಿ ಬಾಗಿಲು ತೆರೆದ ದಿನ, 1920ರ ದರದಲ್ಲಿ ಸಿನಿಮಾ ತೋರಿಸುತ್ತೇವೆ ಅಂತ ಜಾಹೀರಾತು ಬಂತು. 1918ರ ಫ್ಲೂ ಎಷ್ಟೋ ಊರುಗಳ ಥಿಯೇಟರ್‌ಗಳಿಗೆ ಬೀಗ ಹಾಕಿಸಿತ್ತು. ಆ ಕಾಲವನ್ನೇ ನೆನಪಿಸಿ ಜನರನ್ನು ಕರೆದ ಧೈರ್ಯಕ್ಕೆ ಕೈ ಮುಗಿಯಬೇಕು.

ಸಿನಿಮಾ ಮಾಡುವವರೂ ಕಡಿಮೆ ಇಲ್ಲ. ವಾರ್ನರ್ ಬ್ರದರ್ಸ್ 2021ರ ತನ್ನ ಅಷ್ಟೂ ಸಿನಿಮಾಗಳನ್ನು ಅಮೆರಿಕದಲ್ಲಿ ಥಿಯೇಟರಿಗೂ ಮನೆಗೂ ಒಂದೇ ದಿನ ಕೊಡುತ್ತೇನೆ ಎಂದಿತು. ಮೊದಲು ಸಿನಿಮಾ ಮನೆಗೆ ಬರಲು ಎರಡು-ಮೂರು ತಿಂಗಳು ಕಾಯಬೇಕಿತ್ತು. ಯೂನಿವರ್ಸಲ್ ಅದನ್ನು 17 ದಿನಕ್ಕೆ ಇಳಿಸಿತು. ಇಷ್ಟೆಲ್ಲ ಮಾಡಿದ ಮೇಲೆ ಅದೇ ಸಿನಿಮಾ ಮಂದಿ ವೇದಿಕೆ ಹತ್ತಿ, ದೊಡ್ಡ ಪರದೆಯ ಅನುಭವ ಬೇರೆಯೇ ಸ್ವಾಮಿ, ಜನ ಯಾಕೆ ಬರ್ತಿಲ್ಲ ಅಂತ ಕಣ್ಣೊರೆಸಿಕೊಂಡರು.

ಜನರನ್ನು ಕರೆತರಲು ಥಿಯೇಟರಿನವರು ಕಂಡುಹಿಡಿದ ಉಪಾಯ ಇನ್ನೂ ಸೊಗಸು. ಜನ ಮನೆ ಬಿಟ್ಟು ಬರಲ್ಲ ಅಂದರೆ ಥಿಯೇಟರನ್ನೇ ಮನೆ ಮಾಡೋಣ! ಮಲಗುವ ಸೀಟು ಬಂತು. ಹೊದಿಕೆ ಬಂತು. ನಾಯಕ ಸಾಯುವ ಹೊತ್ತಿಗೆ ಸರಿಯಾಗಿ ಊಟದ ತಟ್ಟೆ ಬಂತು. ಅತ್ತ ಮನೆಯವರು ಗೋಡೆಯಗಲ ಟಿವಿ ತಂದು, ಮೂಲೆಮೂಲೆಗೆ ಸ್ಪೀಕರ್ ಇಟ್ಟು, ಲೈಟ್ ಆರಿಸಿ ಕೂತರು. ಇನ್ನು ಥಿಯೇಟರಿನಲ್ಲಿ ಪಾತ್ರೆ ತೊಳೆಯಲು ಹೇಳುವುದೊಂದು ಬಾಕಿ.

2023ರಲ್ಲಿ ಎಎಂಸಿ ಮಧ್ಯದ ಸೀಟಿಗೆ ಜಾಸ್ತಿ, ಮುಂದಿನ ಸಾಲಿಗೆ ಕಡಿಮೆ ದರವಿಟ್ಟು ನೋಡಿತು. ಕತ್ತು ನೋವಿಗೆ ರಿಯಾಯಿತಿ. ಜನ ಅಲ್ಲಾಡಲಿಲ್ಲ, ಕೆಲವೇ ತಿಂಗಳಲ್ಲಿ ಕೈಬಿಟ್ಟರು.

ಈ ಚಟ ಹಳೆಯದು. 1950ರ ದಶಕದಲ್ಲಿ ಟಿವಿ ಬಂದಾಗ ಥಿಯೇಟರ್ ಸತ್ತಿತು ಎಂದರು. ತ್ರೀಡಿ ಕನ್ನಡಕ ಹಂಚಿದರು. 1960ರಲ್ಲಿ ಪೈಪಿನಿಂದ ಸೀಟಿನ ಬಳಿಗೆ ವಾಸನೆ ಬಿಟ್ಟೂ ನೋಡಿದರು. (ಈ ಸಲ ಅದನ್ನು ಯಾರೂ ಎತ್ತಲಿಲ್ಲ. ಕೋವಿಡ್ ಬಂದ ಎಷ್ಟೋ ಜನಕ್ಕೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ ಬಿಡಿ.)

2023ರ ಜುಲೈ 21ರಂದು ವಿಚಿತ್ರ ನಡೆಯಿತು. ಗೊಂಬೆಯದೊಂದು ('ಬಾರ್ಬಿ'), ಅಣುಬಾಂಬಿನದೊಂದು ('ಓಪನ್‌ಹೈಮರ್'), ಎರಡು ಸಿನಿಮಾ ಒಟ್ಟಿಗೆ ಬಂದವು. ಥಿಯೇಟರ್‌ಗಳು ತುಂಬಿ ತುಳುಕಿದವು. ಕೆಲವರು ಒಂದೇ ದಿನ ಎರಡನ್ನೂ ನೋಡಿದರು. ಮಲಗುವ ಸೀಟಿಗಾಗಿ ಅಲ್ಲ, ನೋಡಬೇಕು ಅನ್ನಿಸಿದ್ದಕ್ಕೆ. ಪಂಡಿತರು ಕೂತು ಕಾರಣ ಹುಡುಕಿದರು. ಗುಲಾಬಿ ಬಟ್ಟೆ, ಹೆಸರುಗಳ ಜೋಡಣೆ ('ಬಾರ್ಬೆನ್‌ಹೈಮರ್'), ಅಮೆರಿಕದ ಬೇಸಿಗೆಯ ಸೆಕೆ, ಮೀಮ್‌ಗಳು. ಪಟ್ಟಿಯಲ್ಲಿ 'ಸಿನಿಮಾ' ಎಲ್ಲೋ ಕೆಳಗಿತ್ತು.

ಹಾಗಾಗಿ 2024ರಲ್ಲಿ ಎಲ್ಲರ ಭರವಸೆ ಪಾಪ್‌ಕಾರ್ನ್ ಬಕೆಟ್ ಮೇಲೆ. 'ಡ್ಯೂನ್' ಎರಡನೇ ಭಾಗದ ಸಿನಿಮಾಕ್ಕೆಂದು ಮಾಡಿದ, ಮರಳುಗಾಡಿನ ದೈತ್ಯ ಹುಳು ಬಾಯಿ ತೆರೆದಂಥ ಬಕೆಟ್ಟಿಗೆ ಜನ ಮುಗಿಬಿದ್ದರು. ಕೊಂಡವರಲ್ಲಿ ಕೆಲವರು ಅದನ್ನು ಇಂಟರ್ನೆಟ್‌ನಲ್ಲಿ ಲಾಭಕ್ಕೆ ಮಾರಿದರು. ವ್ಯಾಪಾರ ಮುಗಿದ ಮೇಲೆ ಒಳಗೆ ಸಿನಿಮಾನೂ ಇದೆಯಂತೆ, ಪುರುಸೊತ್ತಿದ್ದರೆ ನೋಡಬಹುದು.