ಸ್ಪಷ್ಟನೆ: ಮರ ಕಡಿದರೆ ನೀರು ಜಾಸ್ತಿಯಾಗುತ್ತದೆಯೇ?

‘ಮರ ಕಡಿದರೆ ಹಳ್ಳದಲ್ಲಿ ನೀರು ಹೆಚ್ಚುತ್ತದೆ, ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಸಾಬೀತಾಗಿದೆ’ ಎಂಬ ಸಂದೇಶ ಓಡಾಡುತ್ತಿದೆ. ಇದು ಅರ್ಧ ಸತ್ಯ.

ನ್ಯೂ ಹ್ಯಾಂಪ್‌ಶೈರ್‌ನ ಈ ಕಾಡಿನಲ್ಲಿ ಹಳ್ಳಗಳಿಗೆ ಅಡ್ಡಲಾಗಿ ‘ವಿ’ ಆಕಾರದ ಕಿಂಡಿಯಿರುವ ಸಣ್ಣ ಕಟ್ಟೆಗಳಿವೆ. ಕಿಂಡಿಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡಿ ಹರಿವು ಲೆಕ್ಕ ಹಾಕುತ್ತಾರೆ. 1965ರ ಕೊನೆಯಲ್ಲಿ ಒಂದು ಜಲಾನಯನದ, ಅಂದರೆ ಒಂದು ಹಳ್ಳಕ್ಕೆ ನೀರು ಹರಿದುಬರುವ ಪ್ರದೇಶದ, ಮರಗಳನ್ನೆಲ್ಲ ಕಡಿದರು. ಚಿಗುರದಂತೆ ಮೂರು ಬೇಸಿಗೆ ಕಳೆನಾಶಕ ಹೊಡೆದರು. ನೀರೇನೋ ಹೆಚ್ಚಿತು, ಹೀರಲು ಮರಗಳೇ ಇರಲಿಲ್ಲ ಅಲ್ವಾ!

ಆದರೆ ಮಣ್ಣಿನ ಸಾರವೂ ಅದರ ಜೊತೆಗೇ ಕೊಚ್ಚಿಹೋಯಿತು. ಹಳ್ಳದ ನೀರಿನಲ್ಲಿ ನೈಟ್ರೇಟ್ (ಗಿಡಗಳಿಗೆ ಪೋಷಕವಾದ ಸಾರಜನಕದ ಲವಣ) ಕುಡಿಯುವ ನೀರಿನ ಮಿತಿಯನ್ನೇ ದಾಟಿತು. ಈ ಮಾತನ್ನು ಬಿಟ್ಟು ಸಂದೇಶ ಹಂಚುವುದು ತಪ್ಪು. ಮತ್ತೆ ಗಿಡ ಬೆಳೆಯಲು ಬಿಟ್ಟ ಮೇಲೆ ಹೆಚ್ಚುವರಿ ನೀರೂ ಇಳಿಯಿತು.