ಸ್ಪಷ್ಟನೆ: ಪ್ರತಿ ಕಂಪ್ಯೂಟರ್‌ಗೂ ಮೋಡೆಮ್ ಬೇಕಿಲ್ಲ

ಎನ್‌ಸಿಐಡಿ ಎಂದರೆ ಫೋನ್ ಮಾಡಿದವರ ನಂಬರನ್ನು ನೆಟ್‌ವರ್ಕಿನ ಕಂಪ್ಯೂಟರ್‌ಗಳಲ್ಲಿ ತೋರಿಸುವ ಸಾಫ್ಟ್‌ವೇರ್. “ಎನ್‌ಸಿಐಡಿಯಲ್ಲಿ ಕರೆ ಮಾಡಿದವರ ನಂಬರ್ ಕಾಣಬೇಕಾದರೆ ಪ್ರತಿ ಕಂಪ್ಯೂಟರ್‌ಗೂ ಮೋಡೆಮ್ ಹಾಕಬೇಕು” ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಮೋಡೆಮ್ (ಫೋನ್ ಲೈನನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಬೇಕಾದದ್ದು ಎನ್‌ಸಿಐಡಿಯ ಸರ್ವರ್ ಇರುವ ಒಂದು ಕಂಪ್ಯೂಟರ್‌ಗೆ ಮಾತ್ರ. ಅದು ಕಾಲರ್ ಐಡಿ, ಅಂದರೆ ಕರೆ ಮಾಡಿದವರ ನಂಬರ್, ಓದುವಂಥದ್ದಾಗಿರಬೇಕು, ಅಷ್ಟೇ. (ಇಂಟರ್ನೆಟ್ ಮೂಲಕ ಬರುವ ಸಿಪ್ ಕರೆಗಳಿಗೆ ಅದೂ ಬೇಡ, ಅವುಗಳ ನಂಬರನ್ನು ಸರ್ವರಿಗೆ ಮುಟ್ಟಿಸಲು ಗೇಟ್‌ವೇ ಎಂಬ ಬೇರೆ ಪ್ರೋಗ್ರಾಂ ಇದೆ.) ಸಿಕ್ಕ ನಂಬರನ್ನು ಸರ್ವರ್ ನೆಟ್‌ವರ್ಕ್ ಮೂಲಕ ಎಲ್ಲ ಕ್ಲೈಂಟ್‌ಗಳಿಗೂ (ನಂಬರ್ ತೋರಿಸುವ ಪ್ರೋಗ್ರಾಂಗಳಿಗೂ) ಹಂಚುತ್ತದೆ.

ಕ್ಲೈಂಟ್‌ನಲ್ಲಿ ಸರ್ವರಿನ ಐಪಿ ವಿಳಾಸ ಕೊಡಿ. ಪೋರ್ಟ್ ಮೊದಲೇ 3333 ಎಂದಿರುತ್ತದೆ, ಸುಮ್ನೆ ಬದಲಿಸಬೇಡಿ. ಜಾಸ್ತಿ ಜನ ಎಡವುವುದು ವಿಳಾಸದಲ್ಲೇ. ಬೇರೆ ಕಂಪ್ಯೂಟರಿನಲ್ಲಿ ಕೂತು 127.0.0.1 ಎಂದು ಬರೆದರೆ ಕ್ಲೈಂಟ್ ತನ್ನೊಳಗೇ ಸರ್ವರನ್ನು ಹುಡುಕುತ್ತದೆ. ಅಲ್ಲಿ ಇಲ್ಲವಲ್ಲ! ಆಗ ಮೋಡೆಮ್ ಕೊಂಡು ತಂದರೂ ನಂಬರ್ ಕಾಣುವುದಿಲ್ಲ. ವಿಳಾಸ ಸರಿ ಇದ್ದರೂ ಬರದಿದ್ದರೆ ಸರ್ವರಿನ ಫೈರ್‌ವಾಲ್ ಆ ಪೋರ್ಟನ್ನು ತಡೆಯುತ್ತಿದೆಯೇ ನೋಡಿ.